ಕೌಂಟಿಯ ಎಳೆ ಆಲ್‌ರೌಂಡರ್ ಟೆಸ್ಟ್‌ಗೆ ಆಗುತ್ತಾನಾ? ನೋಡಿ ಅಳೆಯುವ ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನಲ್ಲಿ ಏಪ್ರಿಲ್ ಬಂದರೆ ಸಾಕು, ಯಾವುದಾದರೂ ಒಂದು ಕೌಂಟಿ ತಂಡದ (ನಮ್ಮ ರಣಜಿ ತಂಡಗಳಿದ್ದ ಹಾಗೆ) ಇಪ್ಪತ್ತು ಇಪ್ಪತ್ತೊಂದರ ಹುಡುಗ ಒಂದೇ ಪಂದ್ಯದಲ್ಲಿ ಎಪ್ಪತ್ತು ರನ್ ಹೊಡೆದು ಐದು ವಿಕೆಟ್ ಕಿತ್ತುಬಿಡುತ್ತಾನೆ. ಅವತ್ತು ಸಂಜೆಯೇ ‘ಮುಂದಿನ ಸ್ಟೋಕ್ಸ್ ಸಿಕ್ಕ’ ಅಂತ ಮಾತು ಶುರು. ಇಪ್ಪತ್ತು ವರ್ಷದ ಹಿಂದೆ ಆ ಜಾಗದಲ್ಲಿ ಫ್ಲಿಂಟಾಫ್ ಹೆಸರಿತ್ತು. ಅದಕ್ಕೂ ಮೊದಲು ಬೋಥಮ್ ಹೆಸರು. ಮೂವರೂ ಇಂಗ್ಲೆಂಡಿನ ಹೆಸರಾಂತ ಆಲ್‌ರೌಂಡರ್‌ಗಳು, ಅಂದರೆ ಬ್ಯಾಟಿಂಗ್, ಬೌಲಿಂಗ್ ಎರಡೂ ಬಲ್ಲವರು. ‘ಮುಂದಿನ ಬೋಥಮ್’ ಎಂಬ ಹಣೆಪಟ್ಟಿ ಹೊತ್ತವರ ಪಾಡು ಏನಾಯಿತು ನೋಡಿ. ನಾರ್ಥಾಂಪ್ಟನ್‌ಷೈರ್‌ನ ಡೇವಿಡ್ ಕೇಪಲ್ 15 ಟೆಸ್ಟ್ ಆಡಿದರು. ಬ್ಯಾಟಿಂಗ್ ಸರಾಸರಿ 15.58, ಬೌಲಿಂಗ್ ಸರಾಸರಿ 50.66. ಎಸೆಕ್ಸ್‌ನ ಡೆರೆಕ್ ಪ್ರಿಂಗಲ್ 30 ಟೆಸ್ಟ್ ಆಡಿಯೂ ಬ್ಯಾಟಿಂಗ್‌ನಲ್ಲಿ 15ರ ಆಸುಪಾಸಿನಲ್ಲೇ ಉಳಿದರು. ಕ್ರಿಸ್ ಲೂಯಿಸ್ 1993ರಲ್ಲಿ ನಮ್ಮ ಚೆನ್ನೈನಲ್ಲೇ ಶತಕ ಬಾರಿಸಿದ ಪ್ರತಿಭಾವಂತ. ಆದರೂ 32 ಟೆಸ್ಟ್‌ಗಳ ಕೊನೆಗೆ 23ರ ಬ್ಯಾಟಿಂಗ್ ಸರಾಸರಿ, 37ರ ಬೌಲಿಂಗ್ ಸರಾಸರಿ.

ಇವರ್ಯಾರೂ ಕೌಂಟಿಯಲ್ಲಿ ಸಾಮಾನ್ಯದವರಲ್ಲ. ಅಲ್ಲಿ ರಾಶಿ ರನ್ ಮಾಡಿದವರು, ರಾಶಿ ವಿಕೆಟ್ ಪಡೆದವರು. ಹಾಗಾದರೆ ಲೆಕ್ಕ ತಪ್ಪಿದ್ದೆಲ್ಲಿ? ಕೌಂಟಿಯ ಅಂಕಿಗಳಲ್ಲಿ ಹುಡುಗನ ಪಾಲೆಷ್ಟು, ಪಿಚ್‌ನ ಪಾಲೆಷ್ಟು, ತಿಂಗಳಿನ ಪಾಲೆಷ್ಟು ಎಂದು ಬಿಡಿಸಿ ನೋಡುವವರು ಕಡಿಮೆ. ನಾನು ಕೇಳುವ ಪ್ರಶ್ನೆ ಒಂದೇ. ಪಿಚ್, ಚೆಂಡು, ಹವೆ ಯಾವುದೂ ಸಹಾಯಕ್ಕೆ ಬರದ ದಿನ ಇವನಿಂದ ತಂಡಕ್ಕೆ ಏನು ಸಿಗುತ್ತದೆ? ಕೆಳಗಿನ ಹಂತಗಳೆಲ್ಲ ಅದಕ್ಕೆ ಉತ್ತರ ಹುಡುಕುವ ದಾರಿ.

ಇದಕ್ಕೆ ದೊಡ್ಡ ಸಲಕರಣೆ ಏನೂ ಬೇಡ. ಸ್ಕೋರ್‌ಕಾರ್ಡ್ ಸಿಗುವ ಒಂದು ವೆಬ್‌ಸೈಟ್, ಒಂದು ನೋಟ್‌ಬುಕ್, ಮತ್ತು ಯೂಟ್ಯೂಬ್. ಕೌಂಟಿ ಕ್ಲಬ್‌ಗಳು ತಮ್ಮ ಪಂದ್ಯಗಳನ್ನು ಯೂಟ್ಯೂಬ್‌ನಲ್ಲಿ ಉಚಿತವಾಗಿ ತೋರಿಸುತ್ತವೆ. ಅಲ್ಲಿ ಬೆಳಿಗ್ಗೆ 11ಕ್ಕೆ ಆಟ ಶುರುವಾದಾಗ ನಮ್ಮಲ್ಲಿ ಮಧ್ಯಾಹ್ನ ಮೂರೂವರೆ. ಟೀ ನಂತರದ ಆಟ ನಮಗೆ ರಾತ್ರಿ ಎಂಟೂವರೆ ಹೊತ್ತಿಗೆ. ಕೆಲಸ ಮುಗಿಸಿ ಬಂದವರಿಗೆ ಹೇಳಿ ಮಾಡಿಸಿದ ಸಮಯ. ಅದೃಷ್ಟಕ್ಕೆ ಆಲ್‌ರೌಂಡರ್‌ನನ್ನು ಅಳೆಯಲು ದಿನದಲ್ಲಿ ಎಲ್ಲಕ್ಕಿಂತ ಒಳ್ಳೆಯ ಹೊತ್ತೂ ಅದೇ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಹಂತ 1: ಮೊದಲು ಜಾಗ ಗೊತ್ತುಮಾಡಿ

‘ಆಲ್‌ರೌಂಡರ್’ ಎನ್ನುವುದು ತಂಡದ ಪಟ್ಟಿಯಲ್ಲಿ ಒಂದು ಜಾಗವಲ್ಲ. ಆರನೇ ಕ್ರಮಾಂಕದಲ್ಲಿ ಬ್ಯಾಟ್ ಮಾಡಿ ನಾಲ್ಕನೇ ವೇಗಿಯಾಗಿ ಹದಿನೈದು ಓವರ್ ಹಾಕುವವನು ಒಬ್ಬ. ಎಂಟರಲ್ಲಿ ಬಂದು ಮೂವತ್ತು ನಲವತ್ತು ರನ್ ಸೇರಿಸುವ ಮೂರನೇ ವೇಗಿ ಇನ್ನೊಬ್ಬ. ಏಳೆಂಟರಲ್ಲಿ ಆಡುವ ಸ್ಪಿನ್ನರ್ ಮತ್ತೊಬ್ಬ. ಮೂವರಿಗೂ ಪರೀಕ್ಷೆ ಬೇರೆ ಬೇರೆ. ನೀವು ನೋಡುತ್ತಿರುವ ಹುಡುಗ ಯಾರ ಜಾಗಕ್ಕೆ ಬರಬೇಕು? ಅವನು ಬಂದರೆ ಹೊರಗೆ ಹೋಗುವವರು ಯಾರು? ಇದನ್ನು ನೋಟ್‌ಬುಕ್‌ನ ಮೊದಲ ಸಾಲಿನಲ್ಲಿ ಬರೆದುಕೊಳ್ಳಿ. ಈ ಸಾಲು ಬರೆಯಲು ಆಗದಿದ್ದರೆ ಅವನು ಸದ್ಯಕ್ಕೆ ‘ಅದೂ ಬರುತ್ತದೆ, ಇದೂ ಬರುತ್ತದೆ’ ಎಂಬ ಜಾತಿಯವನು. ಕೌಂಟಿಯಲ್ಲಿ ಅಂಥವರಿಗೆ ಭಾರಿ ಬೆಲೆ, ಟೆಸ್ಟ್‌ನಲ್ಲಿ ಅಷ್ಟಿಲ್ಲ.

ಬ್ಯಾಟಿಂಗ್ ಸರಾಸರಿ ಬೌಲಿಂಗ್ ಸರಾಸರಿಗಿಂತ ಜಾಸ್ತಿ ಇದ್ದರೆ ಒಳ್ಳೆಯ ಆಲ್‌ರೌಂಡರ್ ಎಂಬ ಹಳೇ ಲೆಕ್ಕ ಒಂದಿದೆ. ಬೋಥಮ್‌ಗೆ ಅದು ಹೊಂದುತ್ತದೆ: 33.54 ಮತ್ತು 28.40. ಫ್ಲಿಂಟಾಫ್‌ಗೆ ಹಚ್ಚಿದರೆ 31.77 ಮತ್ತು 32.78. ಅಂದರೆ ಆಸ್ಟ್ರೇಲಿಯಾ ವಿರುದ್ಧದ 2005ರ ಆ್ಯಶಸ್ ಸರಣಿಯಲ್ಲಿ 402 ರನ್ ಮಾಡಿ 24 ವಿಕೆಟ್ ಕಿತ್ತ ಮನುಷ್ಯ ಈ ಲೆಕ್ಕದಲ್ಲಿ ಒಂದು ರನ್ನಿನಿಂದ ಫೇಲ್! ಈ ಸೂತ್ರವನ್ನು ತಲೆಯ ಒಂದು ಮೂಲೆಯಲ್ಲಿ ಇಟ್ಟುಕೊಳ್ಳಿ, ಅದರಿಂದ ತೀರ್ಪು ಕೊಡಬೇಡಿ. ಅದರಲ್ಲೂ ಕೌಂಟಿ ಸರಾಸರಿಗೆ ಇದನ್ನು ಹಚ್ಚಲೇಬೇಡಿ. ಕಾರಣ ಎರಡನೇ ಹಂತದಲ್ಲಿದೆ.

ಹಂತ 2: ಸ್ಕೋರ್‌ಕಾರ್ಡ್ ಬಿಡಿಸಿ ಓದಿ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ.

ಕೌಂಟಿ ಚಾಂಪಿಯನ್‌ಷಿಪ್‌ನಲ್ಲಿ 18 ತಂಡ, ಎರಡು ಡಿವಿಷನ್. ಈಚಿನ ವರ್ಷಗಳಲ್ಲಿ ಮೇಲಿನದರಲ್ಲಿ 10, ಕೆಳಗಿನದರಲ್ಲಿ 8 ತಂಡಗಳು. ಪ್ರತಿ ತಂಡಕ್ಕೆ 14 ಪಂದ್ಯ, ಒಂದೊಂದೂ ನಾಲ್ಕು ದಿನದ್ದು. ಆಗಸ್ಟ್ ತಿಂಗಳನ್ನು ನೂರು ಎಸೆತಗಳ ‘ದಿ ಹಂಡ್ರೆಡ್’ ಟೂರ್ನಿ ನುಂಗಿಕೊಂಡಿದೆ. ಜೂನ್ ಜುಲೈನ ದೊಡ್ಡ ಭಾಗ ಟಿ20ಗೆ. ಹಾಗಾಗಿ ಚಾಂಪಿಯನ್‌ಷಿಪ್‌ನ ಹೆಚ್ಚಿನ ಆಟ ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್‌ಗೆ ಬೀಳುತ್ತದೆ. ಏಪ್ರಿಲ್‌ನಲ್ಲಿ ಡರ್ಹಮ್‌ನಂಥ ಕಡೆ ಫೀಲ್ಡರ್‌ಗಳು ಎರಡೆರಡು ಸ್ವೆಟರ್ ಹಾಕಿಕೊಂಡು ಕೈ ಉಜ್ಜುತ್ತಾ ನಿಂತಿರುತ್ತಾರೆ. ಪಿಚ್‌ನಲ್ಲಿ ತೇವ, ಮೇಲೆ ಹಸಿರು, ಕೈಯಲ್ಲಿ ಇಂಗ್ಲೆಂಡಿನಲ್ಲಿ ಬಳಸುವ ಡ್ಯೂಕ್ಸ್ ಕಂಪನಿಯ ಚೆಂಡು. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಸ್ಟಂಪ್ ನೇರಕ್ಕೆ ಹಾಕುತ್ತಾ ಹೋದರೂ ವಿಕೆಟ್ ಬೀಳುತ್ತದೆ. ಹಸಿರು ಪಿಚ್‌ಗಳ ಕಾಟ ಎಷ್ಟಿತ್ತೆಂದರೆ, 2016ರಿಂದ 2019ರವರೆಗೆ ಅತಿಥಿ ತಂಡ ಬೇಕೆಂದರೆ ಟಾಸ್ ಇಲ್ಲದೆಯೇ ಮೊದಲು ಬೌಲಿಂಗ್ ಮಾಡಬಹುದು ಎಂಬ ನಿಯಮವನ್ನೇ ತಂದಿದ್ದರು.

1995ರಲ್ಲಿ ನಮ್ಮ ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಷೈರ್ ಪರ ಒಂದೇ ಸೀಸನ್‌ನಲ್ಲಿ 105 ವಿಕೆಟ್ ಕಿತ್ತರು. ಆಗ ಬಿರುಬೇಸಿಗೆಯಲ್ಲೂ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಪಿಚ್ ಒಣಗಿ ಲೆಗ್‌ಸ್ಪಿನ್ನರ್‌ಗೂ ಅನ್ನ ಸಿಗುತ್ತಿತ್ತು. ಈಗಿನ ವೇಳಾಪಟ್ಟಿಯಲ್ಲಿ ಎಳೆ ಸ್ಪಿನ್ ಆಲ್‌ರೌಂಡರ್‌ನ ವಿಕೆಟ್ ಸಂಖ್ಯೆ ಕಡಿಮೆ ಕಂಡರೆ ಅದು ಅವನ ತಪ್ಪೇ ಆಗಿರಬೇಕಿಲ್ಲ.

ಹಾಗಾಗಿ ಒಟ್ಟು ಸರಾಸರಿ ಬಿಟ್ಟು ಒಂದೊಂದೇ ವಿಕೆಟ್ ಹಿಡಿದು ನೋಡಿ. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ. ವಿಕೆಟ್ ಯಾವ ತಿಂಗಳಲ್ಲಿ ಬಿತ್ತು? ಔಟಾದವನು ಎಷ್ಟನೇ ಕ್ರಮಾಂಕದವನು? ಆಗ ಎಷ್ಟನೇ ಓವರ್? ಅವನ ಸ್ಕೋರ್ ಎಷ್ಟಿತ್ತು? ಓವರ್ ಸಂಖ್ಯೆ ಸ್ಕೋರ್‌ಕಾರ್ಡ್‌ನ ಕೆಳಗೆ ವಿಕೆಟ್ ಪತನದ ಸಾಲಿನಲ್ಲೇ ಇರುತ್ತದೆ. ಜನ ಆ ಸಾಲನ್ನು ಓದುವುದೇ ಇಲ್ಲ.

ಉದಾಹರಣೆಗೆ ಒಬ್ಬ ಕಾಲ್ಪನಿಕ ಹುಡುಗನನ್ನು ತೆಗೆದುಕೊಳ್ಳೋಣ. ಸೀಸನ್‌ಗೆ 36 ವಿಕೆಟ್, ಸರಾಸರಿ 22. ಕೇಳಲು ಚೆನ್ನಾಗಿದೆ ಅಲ್ವಾ? ಬಿಡಿಸಿ ನೋಡಿದಾಗ 22 ವಿಕೆಟ್ ಏಪ್ರಿಲ್ ಮೇ ತಿಂಗಳದ್ದು. 13 ವಿಕೆಟ್ ಎಂಟರಿಂದ ಹನ್ನೊಂದರವರೆಗಿನ ಬಾಲಂಗೋಚಿಗಳದ್ದು. ಮೊದಲ ಆರು ಬ್ಯಾಟರ್‌ಗಳ ವಿಕೆಟ್ 15. ಅದರಲ್ಲಿ 30 ಓವರ್ ದಾಟಿದ ಹಳೇ ಚೆಂಡಿನಲ್ಲಿ, ಮೂವತ್ತು ರನ್ ಮಾಡಿ ಕಣ್ಣು ಕೂಡಿಸಿಕೊಂಡ ಬ್ಯಾಟರ್‌ನನ್ನು ಔಟ್ ಮಾಡಿದ್ದು ನಾಲ್ಕೇ ಸಲ. ಟೆಸ್ಟ್‌ಗೆ ಲೆಕ್ಕಕ್ಕೆ ಬರುವುದು ಈ ನಾಲ್ಕು. ಆ ನಾಲ್ಕು ಎಸೆತಗಳ ವಿಡಿಯೊ ಹುಡುಕಿ ನೋಡಿ. ಬ್ಯಾಟರ್ ಸುಮ್ನೆ ಕೊಟ್ಟ ವಿಕೆಟ್ಟೋ, ಹುಡುಗ ಗಳಿಸಿದ್ದೋ ತಿಳಿಯುತ್ತದೆ.

ಇದಾದ ಮೇಲೆ ಅದೇ ಪಂದ್ಯದಲ್ಲಿ ಮಿಕ್ಕ ಬೌಲರ್‌ಗಳು ಏನು ಮಾಡಿದರು ನೋಡಿ. ಎಲ್ಲರೂ 18ರ ಸರಾಸರಿಯಲ್ಲಿ ವಿಕೆಟ್ ಪಡೆದ ಪಿಚ್‌ನಲ್ಲಿ ಇವನದು 22 ಆದರೆ ಅವನು ತಂಡದ ಮಟ್ಟಕ್ಕಿಂತ ಕೆಳಗೆ. ಎಲ್ಲರೂ 45ರ ಆಸುಪಾಸಿನಲ್ಲಿ ಒದ್ದಾಡಿದ ಓವಲ್‌ನಂಥ ಪಿಚ್‌ನಲ್ಲಿ ಇವನದು 32 ಆದರೆ ಅವನ ಹೆಸರಿನ ಮುಂದೆ ಒಂದು ಗುರುತು ಹಾಕಿ.

ಬ್ಯಾಟಿಂಗ್‌ಗೂ ಹೀಗೇ. ಅವನು ಕ್ರೀಸಿಗೆ ಬಂದಾಗ ಸ್ಕೋರ್ ಎಷ್ಟಿತ್ತು? 280ಕ್ಕೆ 5 ಆದಾಗ ಬಂದು ಸುಸ್ತಾದ ಬೌಲರ್‌ಗಳನ್ನು ಚಚ್ಚಿ 80 ಹೊಡೆಯುವುದೂ, 60ಕ್ಕೆ 5 ಆದಾಗ ಬಂದು 45 ಮಾಡುವುದೂ ಒಂದೇ ಅಲ್ಲ. ಕೆಳ ಕ್ರಮಾಂಕದವರಿಗೆ ನಾಟೌಟ್‌ಗಳಿಂದ ಸರಾಸರಿ ಊದಿಕೊಳ್ಳುತ್ತದೆ. ಅದನ್ನು ಪಕ್ಕಕ್ಕಿಟ್ಟು ಇನಿಂಗ್ಸ್‌ಗೆ ಎಷ್ಟು ರನ್ ಎಂದು ಭಾಗಿಸಿ ನೋಡಿ. ಎರಡನೇ ಡಿವಿಷನ್ ಆದರೆ ಎದುರಿಗೆ ಬೌಲ್ ಮಾಡಿದವರ ಹೆಸರುಗಳನ್ನೂ ಓದಿ. ಅಲ್ಲೂ ಒಳ್ಳೆಯ ಬೌಲರ್‌ಗಳಿದ್ದಾರೆ. ಆದರೆ ಮೊದಲಿಬ್ಬರು ಸುಸ್ತಾದ ಮೇಲೆ ಬರುವ ಮೂರನೆಯವನು, ನಾಲ್ಕನೆಯವನು ಅಷ್ಟು ಗಟ್ಟಿ ಇರುವುದಿಲ್ಲ. ಆಲ್‌ರೌಂಡರ್ ಕ್ರೀಸಿಗೆ ಬರುವ ಹೊತ್ತಿಗೆ ಚೆಂಡು ಹೆಚ್ಚಾಗಿ ಅವರ ಕೈಯಲ್ಲೇ ಇರುತ್ತದೆ.

ಹಂತ 3: ಬೌಲಿಂಗ್, ಟೀ ನಂತರ ನೋಡಿ

ಬೆಳಗಿನ ಮೊದಲ ಸ್ಪೆಲ್ (ಒಂದೇ ಸರದಿಯಲ್ಲಿ ಹಾಕುವ ಓವರ್‌ಗಳು) ಯಾರು ಬೇಕಾದರೂ ಚೆನ್ನಾಗಿ ಹಾಕುತ್ತಾರೆ. ಟೀ ಆದ ಮೇಲೆ, ಚೆಂಡು 60 ಓವರ್ ಹಳೆಯದಾದಾಗ, ಇಬ್ಬರು ಬ್ಯಾಟರ್‌ಗಳು ಬೇರೂರಿದಾಗ ನಾಯಕ ಇವನನ್ನು ಕರೆಯುತ್ತಾನಾ? ಕರೆಯುವುದಿಲ್ಲ ಎಂದಾದರೆ ಅವನನ್ನು ದಿನಾ ನೋಡುವ ನಾಯಕನೇ ನಿಮಗೆ ಉತ್ತರ ಕೊಟ್ಟುಬಿಟ್ಟ. ಕರೆದರೆ ರನ್‌ಅಪ್ ನೋಡಿ. ಬೆಳಿಗ್ಗೆ ಓಡಿ ಬಂದಷ್ಟೇ ಜೋರಾಗಿ ಬರುತ್ತಿದ್ದಾನಾ? ಮುಂದಿನ ಕಾಲು ಊರುವಾಗ ಮಂಡಿ ಕುಸಿಯುತ್ತಿದೆಯಾ? ಮೂರನೇ ಸ್ಪೆಲ್‌ನಲ್ಲೂ ಆರಕ್ಕೆ ಐದು ಎಸೆತ ಅಂದುಕೊಂಡ ಜಾಗದಲ್ಲೇ ಬೀಳುತ್ತಿವೆಯಾ, ಇಲ್ಲಾ ಓವರ್‌ಗೊಂದು ಸುಲಭವಾಗಿ ಹೊಡೆಯಬಹುದಾದ ಹಾಫ್ ವಾಲಿ ಸಿಗುತ್ತಿದೆಯಾ?

ಕೌಂಟಿ ಸ್ಟ್ರೀಮ್‌ನಲ್ಲಿ ವೇಗದ ಅಂಕಿ ಸಾಮಾನ್ಯವಾಗಿ ತೋರಿಸುವುದಿಲ್ಲ. ಅದಕ್ಕೊಂದು ಉಪಾಯ ಇದೆ, ವಿಕೆಟ್ ಕೀಪರ್‌ನನ್ನು ನೋಡಿ. ಅವನು ಸ್ಟಂಪ್‌ಗೆ ಅಂಟಿಕೊಂಡು ನಿಂತಿದ್ದರೆ ಬೌಲರ್‌ನ ವೇಗ ನಿಮಗೆ ಗೊತ್ತಾಯಿತು. ಹಿಂದೆ ನಿಂತಿದ್ದರೆ ಚೆಂಡನ್ನು ಎದೆ ಎತ್ತರದಲ್ಲಿ ಬೆರಳು ಮೇಲಾಗಿ ಹಿಡಿಯುತ್ತಾನಾ, ಮಂಡಿ ಬಗ್ಗಿಸಿ ಬೆರಳು ಕೆಳಗೆ ಮಾಡಿ ಹಿಡಿಯುತ್ತಾನಾ? ಹಳೇ ಚೆಂಡಿನಲ್ಲಿ, ಮೂರನೇ ಸ್ಪೆಲ್‌ನಲ್ಲೂ ಬೆರಳು ಮೇಲಾಗಿ ಹಿಡಿಯುತ್ತಿದ್ದರೆ ಹುಡುಗನಲ್ಲಿ ಏನೋ ಇದೆ. ಇದರ ಜೊತೆಗೆ ಬ್ಯಾಟರ್‌ನ ಹಿಂದಿನ ಕಾಲನ್ನೂ ಗಮನಿಸಿ. ಒಳ್ಳೆಯ ಬ್ಯಾಟರ್‌ಗಳು ಇವನಿಗೆ ಕಣ್ಣು ಮುಚ್ಚಿ ಮುಂದಕ್ಕೆ ಕಾಲಿಡುತ್ತಿದ್ದರೆ ಭಯ ಇಲ್ಲ ಅಂತ ಅರ್ಥ.

ವೇಗದ ಬಗ್ಗೆ ಇಷ್ಟು ಹಟ ಯಾಕೆ ಅಂದರೆ ಚೆಂಡಿನಿಂದ. ಡ್ಯೂಕ್ಸ್‌ನ ಸೀಮ್, ಅಂದರೆ ಚೆಂಡಿನ ನಡುವಿನ ಹೊಲಿಗೆ, ಪೂರ್ತಿ ಕೈಯಿಂದ ಹೊಲಿದದ್ದು. ಎದ್ದು ನಿಂತಿರುತ್ತದೆ, ಬೇಗ ಕೂರುವುದಿಲ್ಲ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್‌ಗಳಲ್ಲಿ ಬಳಸುವ ಕೂಕಬುರ್ರಾದಲ್ಲಿ ನಡುವಿನ ಎರಡು ಸಾಲು ಮಾತ್ರ ಕೈಹೊಲಿಗೆ. ಇಪ್ಪತ್ತು ಇಪ್ಪತ್ತೈದು ಓವರ್‌ಗೆ ಸೀಮ್ ಚಪ್ಪಟೆಯಾಗುತ್ತದೆ. ಅಲ್ಲಿಂದ 80ನೇ ಓವರ್‌ನಲ್ಲಿ ಹೊಸ ಚೆಂಡು ಬರುವವರೆಗೆ ಬೌಲರ್ ತನ್ನ ವೇಗ, ಎತ್ತರ, ಬುದ್ಧಿ ಇವಿಷ್ಟರಿಂದಲೇ ಬದುಕಬೇಕು.

ವಾರ್ವಿಕ್‌ಷೈರ್‌ನ ಕ್ರಿಸ್ ವೋಕ್ಸ್ ಬಹಳ ಒಳ್ಳೆಯ ಬೌಲರ್, 62 ಟೆಸ್ಟ್‌ಗಳಲ್ಲಿ 192 ವಿಕೆಟ್. ಆದರೆ ತವರಿನಲ್ಲಿ ಇಪ್ಪತ್ತೈದಕ್ಕಿಂತ ಕಡಿಮೆ ಸರಾಸರಿ ಇದ್ದದ್ದು ಹೊರದೇಶದಲ್ಲಿ ಐವತ್ತರ ಹತ್ತಿರ. ವೋಕ್ಸ್‌ಗೇ ಹೀಗಾದರೆ ಅವರಿಗಿಂತ ಹತ್ತು ಕಿಲೋಮೀಟರ್ ನಿಧಾನ ಇರುವ ಹುಡುಗನ ಪಾಡೇನು? ಕೆಂಟ್‌ನ ಡ್ಯಾರೆನ್ ಸ್ಟೀವನ್ಸ್ 46ರ ವಯಸ್ಸಿನವರೆಗೂ ಕೌಂಟಿ ಆಡಿದರು. 2021ರಲ್ಲಿ ಗ್ಲಾಮೋರ್ಗನ್ ವಿರುದ್ಧ 190 ಹೊಡೆದಾಗ ಒಂಬತ್ತನೇ ವಿಕೆಟ್‌ಗೆ 166 ರನ್ ಸೇರಿತು. ಜೊತೆಗಿದ್ದ ಮಿಗುಯೆಲ್ ಕಮಿನ್ಸ್‌ರ ಪಾಲು ಅದರಲ್ಲಿ ಒಂದು ರನ್! ಸ್ಟೀವನ್ಸ್‌ರ ಮಿಲಿಟರಿ ಮೀಡಿಯಂ, ಅಂದರೆ ಸಾಧಾರಣ ಮಧ್ಯಮ ವೇಗದ ಸ್ವಿಂಗ್‌ಗೆ ಕೌಂಟಿ ಬ್ಯಾಟರ್‌ಗಳು ವರ್ಷಗಟ್ಟಲೆ ವಿಕೆಟ್ ಒಪ್ಪಿಸಿದರು. ಇಂಗ್ಲೆಂಡ್ ಕ್ಯಾಪ್ ಸಿಗಲಿಲ್ಲ. ಅನ್ಯಾಯ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ.

ನಮ್ಮ ಕಡೆಯದೂ ಒಂದು ನೆನಪಿಸಿಕೊಳ್ಳಿ. 2014ರಲ್ಲಿ ಕರ್ನಾಟಕದ ಸ್ಟುವರ್ಟ್ ಬಿನ್ನಿ ಟ್ರೆಂಟ್‌ಬ್ರಿಡ್ಜ್‌ನಲ್ಲಿ ಟೆಸ್ಟ್ ಪದಾರ್ಪಣೆ ಮಾಡಿದರು. ಇಂಗ್ಲೆಂಡಿನ ಹವೆಗೆ ಇವರ ಸ್ವಿಂಗ್ ಹೊಂದುತ್ತದೆ ಎಂಬ ಲೆಕ್ಕ. ಎರಡನೇ ಇನಿಂಗ್ಸ್‌ನಲ್ಲಿ 78 ರನ್ ಮಾಡಿ ಪಂದ್ಯ ಉಳಿಸಿದರು. ಆದರೆ ಬೌಲಿಂಗ್‌ನಲ್ಲಿ ಆರು ಟೆಸ್ಟ್ ಸೇರಿ ಸಿಕ್ಕಿದ್ದು ಮೂರು ವಿಕೆಟ್. ಅವರ ತಂದೆ ರೋಜರ್ ಬಿನ್ನಿ 1986ರಲ್ಲಿ ಹೆಡಿಂಗ್ಲೆಯ ಒಂದೇ ಪಂದ್ಯದಲ್ಲಿ ಏಳು ವಿಕೆಟ್ ಪಡೆದಿದ್ದರು. ಹೆಡಿಂಗ್ಲೆಯಲ್ಲಿ ಅವತ್ತು ಚೆಂಡು ಮಾತಾಡುತ್ತಿತ್ತು, ಟ್ರೆಂಟ್‌ಬ್ರಿಡ್ಜ್‌ನಲ್ಲಿ 2014ರ ಪಿಚ್ ಸತ್ತು ಮಲಗಿತ್ತು. ಮಧ್ಯಮ ವೇಗಿಯ ಹಣೆಬರಹ ಇಷ್ಟರ ಮಟ್ಟಿಗೆ ಪಿಚ್‌ನ ಕೈಯಲ್ಲಿರುತ್ತದೆ.

2023ರಿಂದ 2025ರವರೆಗೆ ಚಾಂಪಿಯನ್‌ಷಿಪ್‌ನ ಕೆಲವು ಸುತ್ತುಗಳನ್ನು ಕೂಕಬುರ್ರಾ ಚೆಂಡಿನಲ್ಲಿ ಆಡಿಸಿದರು. ಕೌಂಟಿಗಳಿಗೆ ಅದು ಹಿಡಿಸಲಿಲ್ಲ, ಪಂದ್ಯಗಳು ಡ್ರಾ ಆಗುತ್ತಿದ್ದವು. ನಮಗೆ ಮಾತ್ರ ಅವು ಚಿನ್ನದಂಥ ಸ್ಕೋರ್‌ಕಾರ್ಡ್‌ಗಳು. ಹುಡುಗ ಆ ಸುತ್ತುಗಳಲ್ಲಿ ಆಡಿದ್ದರೆ ಅವನ್ನೇ ಮೊದಲು ತೆಗೆಯಿರಿ. ಐದು ವಿಕೆಟ್ ಬೇಕಿಲ್ಲ. 25 ಓವರ್ ಹಾಕಿ 60 ರನ್ನಿಗೆ 2 ವಿಕೆಟ್ ಪಡೆದಿದ್ದರೂ ಏಪ್ರಿಲ್‌ನ ಹಸಿರಿನಲ್ಲಿ 5 ಕಿತ್ತದ್ದಕ್ಕಿಂತ ನಾನು ಅದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಸ್ಪಿನ್ನರ್ ಆದರೆ ಲೆಕ್ಕ ಸ್ವಲ್ಪ ಬೇರೆ. ವಿಕೆಟ್‌ಗಿಂತ ಮೊದಲ ಇನಿಂಗ್ಸ್‌ನ ಹಿಡಿತ ನೋಡಿ. ಪಿಚ್ ತಿರುಗದ ಮೊದಲ ದಿನ ಒಂದು ತುದಿಯನ್ನು ಎರಡು ಗಂಟೆ ಕಟ್ಟಿಹಾಕಬಲ್ಲನಾ? ಒಂದು ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ಸರ್ರೆಯ ವಿಲ್ ಜಾಕ್ಸ್ 2022ರಲ್ಲಿ ರಾವಲ್ಪಿಂಡಿಯ ಪದಾರ್ಪಣೆಯಲ್ಲೇ 161 ರನ್ನಿಗೆ 6 ವಿಕೆಟ್ ಕಿತ್ತರು. ಆ ಸರಣಿಯಲ್ಲಿ ಇನ್ನೊಂದು ಟೆಸ್ಟ್ ಆಡಿದರು, ಅದಾದ ಮೇಲೆ ಮತ್ತೆ ಟೆಸ್ಟ್ ಅಂಗಳಕ್ಕೆ ಇಳಿಯಲು 2025ರ ಕೊನೆಯ ಬ್ರಿಸ್ಬೇನ್‌ವರೆಗೆ ಕಾಯಬೇಕಾಯಿತು. ವೂಸ್ಟರ್‌ಷೈರ್‌ನ ಮೊಯಿನ್ ಅಲಿ ಇನ್ನೊಂದು ಬಗೆ. 2014ರಲ್ಲಿ ಬಂದದ್ದು ಸ್ವಲ್ಪ ಆಫ್‌ಸ್ಪಿನ್ ಹಾಕುವ ಬ್ಯಾಟರ್ ಆಗಿ. ಹೆಡಿಂಗ್ಲೆಯಲ್ಲಿ ಶ್ರೀಲಂಕಾ ವಿರುದ್ಧ ಕೊನೆಯ ದಿನವಿಡೀ ನಿಂತು ಔಟಾಗದೆ 108 ಮಾಡಿದರು. ಆಮೇಲೆ ತಂಡ ಅವರನ್ನು ಮುಖ್ಯ ಸ್ಪಿನ್ನರ್ ಮಾಡಿಬಿಟ್ಟಿತು. 204 ವಿಕೆಟ್ ಬಂದವು, ಆದರೆ 37ರ ಸರಾಸರಿಯಲ್ಲಿ. ಬ್ಯಾಟಿಂಗ್ ಸರಾಸರಿ 28ಕ್ಕೆ ನಿಂತಿತು. ಹಂತ 1ರಲ್ಲಿ ಜಾಗ ಗೊತ್ತುಮಾಡಿ ಎಂದು ಒತ್ತಿ ಹೇಳಿದ್ದು ಇದಕ್ಕೇ.

ಹಂತ 4: ಬ್ಯಾಟಿಂಗ್, ಹೊಡೆತಕ್ಕಿಂತ ಬಿಡುವುದನ್ನು ನೋಡಿ

ಕವರ್ ಡ್ರೈವ್ ಎಲ್ಲರದ್ದೂ ಚೆಂದ. ಅದನ್ನು ನೋಡುತ್ತಾ ಕೂತರೆ ಏನೂ ತಿಳಿಯುವುದಿಲ್ಲ. ಮೊದಲ 30 ಎಸೆತಗಳಲ್ಲಿ ಆಫ್‌ಸ್ಟಂಪ್ ಆಚೆಯದನ್ನು ಎಷ್ಟು ಬಿಟ್ಟ, ಎಷ್ಟಕ್ಕೆ ಕೈಚಾಚಿದ ಎಂದು ಗೆರೆ ಎಳೆಯುತ್ತಾ ಹೋಗಿ. ಬಿಡುವಾಗ ಬ್ಯಾಟ್ ಮೊದಲೇ ಮೇಲೆ ಹೋಗುತ್ತದಾ, ಕೊನೆ ಗಳಿಗೆಯಲ್ಲಿ ಎಳೆದುಕೊಳ್ಳುತ್ತಾನಾ? ಕೊನೆ ಗಳಿಗೆಯಲ್ಲಿ ಎಳೆದುಕೊಳ್ಳುವವನನ್ನು ಟೆಸ್ಟ್ ಬೌಲರ್ ಎರಡೇ ಓವರ್‌ನಲ್ಲಿ ಸ್ಲಿಪ್‌ಗೆ ಕಳಿಸುತ್ತಾನೆ.

ಎರಡನೆಯದು ಶಾರ್ಟ್ ಪಿಚ್ ಎಸೆತ. ಕೌಂಟಿಯಲ್ಲಿ 140ರ ಮೇಲೆ ಹಾಕುವವರು ಬೆರಳೆಣಿಕೆಯಷ್ಟು. ಅಂಥವರು ಎದುರಾದ ಪಂದ್ಯಗಳನ್ನೇ ಹುಡುಕಬೇಕು. ಭುಜದ ಎತ್ತರಕ್ಕೆ ಬಂದಾಗ ಕಣ್ಣು ಚೆಂಡಿನ ಮೇಲಿದೆಯಾ ಅಷ್ಟು ನೋಡಿ. ಪುಲ್ ಮಾಡಿ ಡೀಪ್‌ನಲ್ಲಿ ಕ್ಯಾಚ್ ಕೊಟ್ಟರೆ ನನಗೆ ಅಷ್ಟು ಚಿಂತೆ ಇಲ್ಲ, ಅದನ್ನು ತಿದ್ದಬಹುದು. ಮುಖ ತಿರುಗಿಸಿದರೆ ಚಿಂತೆ.

2013ರ ಡಿಸೆಂಬರ್‌ನಲ್ಲಿ ಪರ್ತ್‌ನಲ್ಲಿ ಬೆನ್ ಸ್ಟೋಕ್ಸ್ ಆಡಿದ ಇನಿಂಗ್ಸ್ ಸಿಕ್ಕರೆ ನೋಡಿ. ಡರ್ಹಮ್‌ನ ಹುಡುಗ, 22 ವರ್ಷ, ಎರಡನೇ ಟೆಸ್ಟ್. ನಾಲ್ಕನೇ ಇನಿಂಗ್ಸ್. ಪಿಚ್‌ನಲ್ಲಿ ಬೆರಳು ತೂರುವಷ್ಟು ಬಿರುಕು. ಎದುರಿಗೆ ಆ ಬೇಸಿಗೆ ಬೆಂಕಿಯಂತಿದ್ದ ಮಿಚೆಲ್ ಜಾನ್ಸನ್. ಪಂದ್ಯ ಹೋಯಿತು, ಆ್ಯಶಸ್ ಕೂಡ ಹೋಯಿತು. ಹುಡುಗ 120 ಹೊಡೆದ. ಅದೇ ಸರಣಿಯ ಕೊನೆಗೆ ಸಿಡ್ನಿಯಲ್ಲಿ 99ಕ್ಕೆ 6 ವಿಕೆಟ್. ತಂಡ 5–0ಯಿಂದ ನೆಲಕಚ್ಚಿದ ಸರಣಿಯಿಂದ ಇಂಗ್ಲೆಂಡಿಗೆ ಸಿಕ್ಕ ಒಂದೇ ಲಾಭ ಅದು. ಅವತ್ತಿನವರೆಗಿನ ಡರ್ಹಮ್ ಸರಾಸರಿ ನೋಡಿ ಇದನ್ನು ಯಾರೂ ಹೇಳಲು ಆಗುತ್ತಿರಲಿಲ್ಲ. ತಲೆ ಅಲುಗದೆ ಶಾರ್ಟ್ ಬಾಲ್ ನೋಡುವುದನ್ನು ಕಂಡವರು ಹೇಳಬಹುದಿತ್ತು.

ಸ್ಪಿನ್ ವಿಷಯಕ್ಕೆ ಕೌಂಟಿಯಲ್ಲಿ ಒಂದು ಒಳ್ಳೆಯ ಅಳತೆಗೋಲು ಇದೆ, ಎಸೆಕ್ಸ್‌ಗೆ ಆಡುವ ದಕ್ಷಿಣ ಆಫ್ರಿಕಾದ ಆಫ್‌ಸ್ಪಿನ್ನರ್ ಸೈಮನ್ ಹಾರ್ಮರ್. 2025ರ ನವೆಂಬರ್‌ನಲ್ಲಿ ಕೋಲ್ಕತ್ತ, ಗುವಾಹಟಿಗಳಲ್ಲಿ ಎರಡೇ ಟೆಸ್ಟ್‌ಗೆ 17 ವಿಕೆಟ್ ಕಿತ್ತು ನಮ್ಮನ್ನು ಅಳಿಸಿಹೋದವರು ಇವರೇ. ಚೆಲ್ಮ್ಸ್‌ಫರ್ಡ್‌ನಲ್ಲಿ ಹಾರ್ಮರ್ ಎದುರು ಹುಡುಗ ಕಾಲು ಹೇಗೆ ಆಡಿಸುತ್ತಾನೆ? ಕ್ರೀಸ್‌ಗೆ ಕಚ್ಚಿಕೊಂಡು ಸ್ವೀಪ್ ಒಂದನ್ನೇ ನಂಬಿದ್ದಾನಾ, ಇಲ್ಲಾ ಪೂರ್ತಿ ಮುಂದೆ, ಪೂರ್ತಿ ಹಿಂದೆ ಹೋಗುತ್ತಾನಾ? ಎರಡು ಗಂಟೆ ಇದನ್ನು ನೋಡಿದರೆ ಅವನನ್ನು ಉಪಖಂಡದ ಪ್ರವಾಸಕ್ಕೆ ಕರೆದೊಯ್ಯಬಹುದೋ ಇಲ್ಲವೋ ಗೊತ್ತಾಗುತ್ತದೆ.

ಆಲ್‌ರೌಂಡರ್ ಜೀವನದ ಅರ್ಧ ಹೋಗುವುದು ಬಾಲಂಗೋಚಿಗಳ ಜೊತೆ. 2018ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಭಾರತದ ವಿರುದ್ಧ ಸ್ಯಾಮ್ ಕರನ್ ಮಾಡಿದ್ದನ್ನು ನೋಡಿ. ವಯಸ್ಸು 20. ಮೊದಲು ಬೌಲಿಂಗ್‌ನಲ್ಲಿ, ವಿಕೆಟ್ ನಷ್ಟವಿಲ್ಲದೆ 50 ಆಗಿದ್ದ ಭಾರತವನ್ನು 59ಕ್ಕೆ 3 ಮಾಡಿದ. ವಿಜಯ್, ಧವನ್ ಜೊತೆಗೆ ನಮ್ಮ ಕೆ.ಎಲ್. ರಾಹುಲ್ ಕೂಡ ಅದರಲ್ಲಿ ಹೋದರು. ಎರಡನೇ ಇನಿಂಗ್ಸ್‌ನಲ್ಲಿ ಇಂಗ್ಲೆಂಡ್ 87ಕ್ಕೆ 7 ಆಗಿದ್ದಾಗ 63 ರನ್ ಹೊಡೆದ. ಇಂಗ್ಲೆಂಡ್ ಗೆದ್ದದ್ದು 31 ರನ್‌ಗಳಿಂದ. ಯಾವಾಗ ಒಂಟಿ ರನ್ ಬಿಡಬೇಕು, ಯಾವ ಬೌಲರ್‌ಗೆ ಕೈ ಎತ್ತಬೇಕು ಎಂಬ ಲೆಕ್ಕ ಹುಟ್ಟಿನಿಂದಲೇ ಬಂದ ಹಾಗಿತ್ತು. ಆದರೂ ಕರನ್ 24 ಟೆಸ್ಟ್‌ಗೆ ನಿಂತರು. ಬ್ಯಾಟಿಂಗ್ 24.69, ಬೌಲಿಂಗ್ 35.51, ಶತಕ ಇಲ್ಲ. ಎಡಗೈ ಸ್ವಿಂಗ್ ನಿಂತ ಕಡೆ ವೇಗ ಸಾಲಲಿಲ್ಲ. ಆರರಲ್ಲಿ ಆಡುವಷ್ಟು ಬ್ಯಾಟಿಂಗ್ ಬೆಳೆಯಲಿಲ್ಲ. ಧೈರ್ಯ, ಬುದ್ಧಿಗಳಿಗೆ ನೂರಕ್ಕೆ ನೂರು ಸಿಕ್ಕರೂ ಜಾಗದ ಪರೀಕ್ಷೆಯಲ್ಲಿ ಹೀಗೆ ತಪ್ಪಿಹೋಗಬಹುದು.

ಕೊನೆಯದಾಗಿ ಅವನ ಈಚಿನ ಹತ್ತು ಔಟ್‌ಗಳನ್ನು ಬರೆದಿಡಿ. ಒಂದೇ ಬಗೆಯಲ್ಲಿ ನಾಲ್ಕೈದು ಸಲ ಔಟಾಗಿದ್ದರೆ ಟೆಸ್ಟ್ ತಂಡಗಳ ವಿಶ್ಲೇಷಕರಿಗೆ ಅದು ನಿಮಗಿಂತ ಮೊದಲೇ ಗೊತ್ತಿರುತ್ತದೆ.

ಹಂತ 5: ಮೈ ತಡೆಯುತ್ತದಾ?

ಹದಿನೆಂಟರಿಂದ ಇಪ್ಪತ್ತೆರಡರ ವೇಗಿಗಳಿಗೆ ಕೆಳಬೆನ್ನಿನ ಮೂಳೆಯಲ್ಲಿ ಸಣ್ಣ ಬಿರುಕು ಬೀಳುವುದು ತೀರಾ ಸಾಮಾನ್ಯ. ಮೂಳೆ ಇನ್ನೂ ಬಲಿಯುತ್ತಿರುತ್ತದೆ. ಬೌಲಿಂಗ್ ಹೊರೆ ಏಕಾಏಕಿ ಏರಿದಾಗ ಅಪಾಯ ಜಾಸ್ತಿ. ಹಾಗಾಗಿ ಸೀಸನ್‌ನಲ್ಲಿ ಎಷ್ಟು ಓವರ್ ಹಾಕಿದ, ಇನಿಂಗ್ಸ್‌ಗೆ ಎಷ್ಟು ಬಂತು ಎಂದು ನೋಡಿ. ಇನಿಂಗ್ಸ್‌ಗೆ ಎಂಟು ಹತ್ತು ಓವರ್ ಹಾಕುತ್ತಿದ್ದವನನ್ನು ಟೆಸ್ಟ್‌ನಲ್ಲಿ 22 ಓವರ್ ಹಾಕಿಸಿದರೆ ಮೂರನೇ ಪಂದ್ಯಕ್ಕೆ ಅವನಿರುವುದಿಲ್ಲ. ಫ್ಲಿಂಟಾಫ್ ಕಣಕಾಲು, ಮಂಡಿಗಳ ಕಾಟದಿಂದ 2009ರಲ್ಲಿ, 31ಕ್ಕೇ ಟೆಸ್ಟ್ ಬಿಟ್ಟರು. ಸ್ಟೋಕ್ಸ್ ಮಂಡಿ ನೋವಿನಿಂದ ಬ್ಯಾಟರ್ ಆಗಿ ಮಾತ್ರ ಆಡಿದ ದಿನಗಳೂ ಇವೆ. ಬೌಲಿಂಗ್ ಮಾಡಲು ಆಗದ ದಿನ ಬರೀ ಬ್ಯಾಟಿಂಗ್‌ನಿಂದ ತಂಡದಲ್ಲಿ ಉಳಿಯುತ್ತಾನಾ? ಆ ಪ್ರಶ್ನೆಗೆ ‘ಹೌದು’ ಎನ್ನುವಂತಿದ್ದರೆ ಅವನ ಟೆಸ್ಟ್ ಜೀವನ ಉದ್ದ.

ಹಂತ 6: ಬಿಳಿ ಚೆಂಡಿನ ಮಾತು

ಹಂಡ್ರೆಡ್‌ನಲ್ಲಿ, ಐಪಿಎಲ್‌ನಲ್ಲಿ ಸಿಕ್ಸರ್ ಹೊಡೆದದ್ದನ್ನು ಟೆಸ್ಟ್ ಅರ್ಜಿಗೆ ಲಗತ್ತಿಸಬೇಡಿ. ನಾಲ್ಕು ಓವರ್ ಬೌಲಿಂಗ್ ಮತ್ತು ಇಪ್ಪತ್ತು ಎಸೆತದ ಬ್ಯಾಟಿಂಗ್‌ನಿಂದ ತಿಳಿಯುವುದು ನರ ಗಟ್ಟಿ ಇದೆಯಾ ಎಂಬಷ್ಟೇ. ಆದರೆ ಒಂದು ವಿನಾಯಿತಿ ಹೇಳಲೇಬೇಕು. ಬಾರ್ಬಡೋಸ್‌ನಲ್ಲಿ ಹುಟ್ಟಿ ವಾರ್ವಿಕ್‌ಷೈರ್‌ಗೆ ಬಂದ ಜೇಕಬ್ ಬೆಥೆಲ್‌ನನ್ನು 2024ರ ಕೊನೆಗೆ ನ್ಯೂಜಿಲೆಂಡ್‌ನಲ್ಲಿ ಮೂರನೇ ಕ್ರಮಾಂಕಕ್ಕೆ ಇಳಿಸಿದಾಗ ಪ್ರಥಮ ದರ್ಜೆಯಲ್ಲಿ ಒಂದು ಶತಕವೂ ಇರಲಿಲ್ಲ. ಮೂರು ಟೆಸ್ಟ್‌ನಲ್ಲಿ ಮೂರು ಅರ್ಧಶತಕ, ವೆಲ್ಲಿಂಗ್ಟನ್‌ನಲ್ಲಿ 96. ನಾಯಕ ಸ್ಟೋಕ್ಸ್–ಕೋಚ್ ಮೆಕಲಮ್ ಜೋಡಿ 2022ರಿಂದ ಸರಾಸರಿ ಪಕ್ಕಕ್ಕಿಟ್ಟು, ಚೆಂಡು ಆಡಲು ಬ್ಯಾಟರ್‌ಗೆ ಸಿಗುವ ಸಮಯ, ಬೌಲರ್‌ನ ಎತ್ತರ, ವೇಗ ಇಂಥವನ್ನು ನೋಡಿ ಆರಿಸುತ್ತಿದೆ. ಒಪ್ಪಿ, ಬಿಡಿ, ಹುಡುಗನ ಅವಕಾಶ ಈಗ ಆ ಕಣ್ಣಿನ ಮೇಲೆ ನಿಂತಿದೆ. ಅದಕ್ಕೇ ಸ್ಕೋರ್‌ಕಾರ್ಡ್ ಓದಿ ಮುಗಿಸಬಾರದು, ನೋಡಲೂಬೇಕು.

ಹಂತ 7: ಆರಿಸಿದ ಮೇಲೆ ಎಷ್ಟು ಕಾಯಬೇಕು

ಫ್ಲಿಂಟಾಫ್ 1998ರಲ್ಲಿ ಬಂದರು. ಮೊದಲ ಶತಕ 2002ರಲ್ಲಿ, ಕ್ರೈಸ್ಟ್‌ಚರ್ಚ್‌ನಲ್ಲಿ. ಇನಿಂಗ್ಸ್‌ಗೆ ಮೊದಲ ಐದು ವಿಕೆಟ್ 2004ರಲ್ಲಿ, ಬಾರ್ಬಡೋಸ್‌ನಲ್ಲಿ. ಆರು ವರ್ಷ! ಸರ್ರೆಯ ಬೆನ್ ಹಾಲಿಯೋಕ್ 1997ರಲ್ಲಿ 19ರ ವಯಸ್ಸಿಗೇ ಅಣ್ಣ ಆ್ಯಡಮ್ ಜೊತೆ ಟ್ರೆಂಟ್‌ಬ್ರಿಡ್ಜ್‌ನಲ್ಲಿ ಪದಾರ್ಪಣೆ ಮಾಡಿದರು. ಎರಡೇ ಟೆಸ್ಟ್‌ಗೆ ನಿಂತಿತು. ಫ್ಲಿಂಟಾಫ್, ಬೆನ್ ಇಬ್ಬರಲ್ಲಿ ಪ್ರತಿಭೆ ಯಾರಿಗೆ ಜಾಸ್ತಿ ಎಂದು 1997ರಲ್ಲಿ ಕೇಳಿದ್ದರೆ ಬಹಳ ಜನ ಬೆನ್ ಹೆಸರು ಹೇಳುತ್ತಿದ್ದರು. ಎರಡು ಕೆಲಸ ಕಲಿಯಬೇಕಾದವನಿಗೆ ಸಮಯವೂ ಎರಡು ಪಟ್ಟು ಬೇಕು. ಮೊದಲ ಐದಾರು ಟೆಸ್ಟ್‌ನಲ್ಲಿ ರನ್, ವಿಕೆಟ್ ಲೆಕ್ಕ ಹಾಕಬೇಡಿ. ಮೂರನೇ ಸ್ಪೆಲ್ ಸುಧಾರಿಸುತ್ತಿದೆಯಾ, ಒಂದೇ ಬಗೆಯಲ್ಲಿ ಔಟಾಗುವುದು ನಿಂತಿತಾ, ಇಷ್ಟನ್ನು ಗಮನಿಸಿ.

ಹಂತ 8: ತೀರ್ಪು ಬರೆಯುವುದು

ತೀರ್ಪು ಮೂರು ಸಾಲು ಮೀರಬಾರದು. ಯಾವ ಜಾಗಕ್ಕೆ, ಯಾವ ದೇಶದ ಪಿಚ್‌ಗೆ, ಇನ್ನೆಷ್ಟು ಸಮಯ ಬೇಕು. ‘ಟೆಸ್ಟ್‌ಗೆ ಆಗುತ್ತಾನೆ’, ‘ಆಗಲ್ಲ’ ಎಂದು ಒಂದೇ ಮಾತಿನಲ್ಲಿ ಬರೆದರೆ ಮುಂದಿನ ವರ್ಷ ಅದನ್ನು ಪರಿಶೀಲಿಸಲು ಆಗುವುದಿಲ್ಲ.

ಲೆಸ್ಟರ್‌ಷೈರ್‌ನ ರೆಹಾನ್ ಅಹ್ಮದ್ ಮೇಲೆ ಇದನ್ನು ಪ್ರಯೋಗಿಸಿ ನೋಡೋಣ. 2022ರ ಡಿಸೆಂಬರ್‌ನಲ್ಲಿ ಕರಾಚಿಯಲ್ಲಿ, 18 ವರ್ಷ 126 ದಿನಕ್ಕೆ, ಇಂಗ್ಲೆಂಡ್ ಪುರುಷರ ತಂಡದ ಅತಿ ಕಿರಿಯ ಟೆಸ್ಟ್ ಆಟಗಾರನಾದ. ಎರಡನೇ ಇನಿಂಗ್ಸ್‌ನಲ್ಲಿ 48ಕ್ಕೆ 5 ವಿಕೆಟ್. ಆಗ ಅವನು ಸ್ವಲ್ಪ ಬ್ಯಾಟ್ ಬೀಸುವ ಲೆಗ್‌ಸ್ಪಿನ್ನರ್. 2025ರ ಹೊತ್ತಿಗೆ ಕೌಂಟಿಯಲ್ಲಿ ಮೇಲಿನ ಕ್ರಮಾಂಕಕ್ಕೆ ಬಂದು ಶತಕಗಳ ಮೇಲೆ ಶತಕ ಹೊಡೆದ. ಡರ್ಬಿಷೈರ್ ವಿರುದ್ಧ ಒಂದೇ ಪಂದ್ಯದಲ್ಲಿ ಶತಕ ಮತ್ತು 13 ವಿಕೆಟ್. ಆ ವರ್ಷ ಲೆಸ್ಟರ್‌ಷೈರ್ ಎರಡನೇ ಡಿವಿಷನ್ ಗೆದ್ದಿತು.

ನನ್ನ ನೋಟ್‌ಬುಕ್‌ನ ಮೂರು ಸಾಲು ಹೀಗಿದೆ. ಜಾಗ: ಏಷ್ಯಾದಲ್ಲಿ ಏಳನೇ ಕ್ರಮಾಂಕ, ಎರಡನೇ ಸ್ಪಿನ್ನರ್. ಪಿಚ್: ತಿರುಗುವ ಕಡೆ ಈಗಲೇ ಆಡಿಸಬಹುದು, ಇಂಗ್ಲೆಂಡಿನಲ್ಲಿ ಒಬ್ಬನೇ ಸ್ಪಿನ್ನರ್ ಆಗಿ ಬೇಡ, ಏಕೆಂದರೆ ಓವರ್‌ಗೊಂದು ಸಡಿಲ ಎಸೆತ ಇನ್ನೂ ಬರುತ್ತಿದೆ. ಸಮಯ: ಆ ಶತಕಗಳು ಎರಡನೇ ಡಿವಿಷನ್‌ನವು, ಹಾಗಾಗಿ 2026ರ ಮೊದಲ ಡಿವಿಷನ್ ಸೀಸನ್ ಮುಗಿಯುವವರೆಗೆ ಬ್ಯಾಟಿಂಗ್ ಬಗ್ಗೆ ತೀರ್ಪಿಲ್ಲ. ಆ ಸೀಸನ್‌ನಲ್ಲಿ ನೋಡಬೇಕಾದದ್ದು ಎರಡು. ಹೊಸ ಚೆಂಡಿನ ಎದುರು ಮೊದಲ 30 ಎಸೆತಗಳಲ್ಲಿ ಎಷ್ಟು ಬಿಡುತ್ತಾನೆ, ಮತ್ತು ಪಿಚ್ ತಿರುಗದ ಮೊದಲ ದಿನ ಟೀ ನಂತರ ನಾಯಕ ಅವನ ಕೈಗೆ ಎಷ್ಟು ಓವರ್ ಕೊಡುತ್ತಾನೆ.